ಎರಡು, ಬಿಡುವು, ಒಂದು

ಅಕ್ಟೋಬರ್ 6, ಭಾನುವಾರ, ಸಂಜೆ

ಮಕ್ಕಳನ್ನು ಕಾಲುವೆಯ ಸೇತುವೆಯಾಚೆ ಅವರಮ್ಮನ ಮನೆಗೆ ಬಿಟ್ಟು ಬಂದೆ. ಹನ್ನೆರಡು ನಿಮಿಷದ ದಾರಿ. ವಾಪಸ್ ಬರುವಾಗ ಹೆಚ್ಚು ಹಿಡಿಯುತ್ತದೆ. ಗಡಿಯಾರ ಒಪ್ಪುವುದಿಲ್ಲ.

ಹ್ಯಾಲೋವೀನ್ ರಾತ್ರಿ ಮನೆಮನೆಗೆ ಮಿಠಾಯಿ ಕೇಳಿ ಹೋಗುವ ವೇಷಕ್ಕೆ ಎರಡು ಆರ್ಡರ್. ಮಗ ಓನ್ನಿಗೆ ನಾಲ್ಕು ವರ್ಷ, ರಸ್ತೆಯ ಹಿಮ ತಳ್ಳುವ ಲಾರಿ ಆಗಬೇಕಂತೆ. ಮಗಳು ಆಯ್ಲಿಗೆ ಏಳು, ಹಡಗುಗಳಿಗೆ ದಾರಿ ತೋರುವ ದೀಪಸ್ತಂಭ. “ನಿಜವಾಗ್ಲೂ ಉರೀಬೇಕು ಅಪ್ಪಾ. ಬರೀ ಬಣ್ಣ ಬಳಿದ್ರೆ ನಾನು ಹಾಕ್ಕೊಳಲ್ಲ.”

ಇಪ್ಪತ್ತೆರಡು ವರ್ಷದಿಂದ ದೋಣಿಗಳಿಗೆ ಹೊದಿಕೆ ಹೊಲಿಯುತ್ತಿದ್ದೇನೆ. ಬೇಕಾದ್ದನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಗಿರಾಕಿ ಇವಳೇ ಮೊದಲು.

ಅಳತೆ ತೆಗೆದೆ. ಆಯ್ಲಿಯ ಎದೆ ಸುತ್ತು ಇಪ್ಪತ್ತನಾಲ್ಕು ಅಂಗುಲ. ಚಳಿಗಾಲದ ಕೋಟು ಹಾಕಿದರೆ ಮೂವತ್ತೆರಡು. ನಮ್ಮಲ್ಲಿ ವೇಷ ಹೊಲಿಯುವುದು ಮಗುವಿನ ಅಳತೆಗಲ್ಲ, ಕೋಟಿನ ಅಳತೆಗೆ. ಹ್ಯಾಲೋವೀನ್ ಹೊತ್ತಿಗೆ ಸುಪೀರಿಯರ್ ಸರೋವರದ ಕಡೆಯಿಂದ ಹಿಮ ಬಂದಿರುತ್ತದೆ.

ಅಕ್ಟೋಬರ್ 9

ಕ್ಯಾಲೆಂಡರ್ ನೋಡಿದೆ. ಹ್ಯಾಲೋವೀನ್ 31ಕ್ಕೆ, ಗುರುವಾರ. ಗುರುವಾರ ಮಕ್ಕಳು ಅವರಮ್ಮ ಲೋರೀನಳ ಹತ್ತಿರ.

ವಿಚ್ಛೇದನದ ಪತ್ರ ಹೊರತೆಗೆದು ಓದಿದೆ. ಹನ್ನೊಂದು ಪುಟ. ಕ್ರಿಸ್ಮಸ್ ಇದೆ. ಹಿಂದಿನ ರಾತ್ರಿ ಒಬ್ಬರಿಗೆ, ಬೆಳಗ್ಗೆ ಇನ್ನೊಬ್ಬರಿಗೆ. ಅದಕ್ಕೆ ಮೂರು ಗಂಟೆ ವಾದಿಸಿದ್ದೆ. ಈಸ್ಟರ್ ಇದೆ. ಜುಲೈ ನಾಲ್ಕರ ಪಟಾಕಿ ಇದೆ. ಹ್ಯಾಲೋವೀನ್ ಇಲ್ಲ. ಸರ್ಕಾರಿ ರಜೆ ಅಲ್ಲವಲ್ಲ, ಯಾರಿಗೂ ಹೊಳೆದಿಲ್ಲ. ನನಗೂ. ಬಂದರಿನಲ್ಲಿ ಹರಕು ಟಾರ್ಪಾಲಿಗೆ ತೇಪೆ ಹಾಕುತ್ತಾ ಶುರು ಮಾಡಿ, ಮಾತಿನ ಬಲದಿಂದಲೇ ಮೇಲೆ ಬಂದವನು ನಾನು; ಆದರೂ.

ಹೆಲ್ವಿಗೆ ಹೇಳಿದೆ. ಅಂಗಡಿಯ ಹಿರಿಯ ಹೊಲಿಗೆಯಾಕೆ. ನನಗೆ ಸೂಜಿ ಹಿಡಿಯಲು ಕಲಿಸಿದವರು ಅವರೇ. ಏಲಕ್ಕಿ ಬ್ರೆಡ್ ಕೊಯ್ಯುತ್ತಾ ಅಂದರು, “ಮರಳುಗಾಡಲ್ಲಿರೋನಿಗೂ ದೋಣಿ ಹೊದಿಕೆ ಮಾರೋನು ನೀನು. ಒಂದು ದಿನ ಕೇಳಿ ತಗೊಳಕ್ಕಾಗ್ಲಿಲ್ವೇನೋ ರೆಯ್ನೋ?”

ಅಕ್ಟೋಬರ್ 10

ಲೋರೀನಳಿಗೆ ಫೋನ್.

“ಒಂದೇ ಗಂಟೆ. ಜೊತೆಗೆ ನಡೀತೀನಿ, ಮಾತಾಡಲ್ಲ.”

“ನೀನು? ಮಾತಾಡಲ್ಲ?” ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. “ಹೋದ ಈಸ್ಟರ್‌ನಲ್ಲಿ ನಾನು ಅರ್ಧ ದಿನ ಕೇಳಿದ್ದೆ. ನೀನು, ಪತ್ರದಲ್ಲಿ ಇಲ್ಲದ್ದು ಇಲ್ಲ ಅಂದೆ. ನೆನಪಿದ್ಯಾ?”

ನೆನಪಿದೆ. ಆ ಮಾತಿನ ಬಗ್ಗೆ ಅವತ್ತು ಹೆಮ್ಮೆಯೂ ಇತ್ತು.

“ವೇಷ ಹೊಲಿದು ಕೊಡು. ಬೇಡ ಅನ್ನಲ್ಲ.”

ಅಕ್ಟೋಬರ್ 20, ಭಾನುವಾರ

ಮಕ್ಕಳು ನನ್ನ ಬಳಿ ಇರುವ ವಾರಾಂತ್ಯ. ಲಾರಿ ಮುಗಿಯಿತು — ರಟ್ಟಿನ ಪೆಟ್ಟಿಗೆ, ಕಿತ್ತಳೆ ಬಣ್ಣ, ಹೆಗಲಿಗೆ ಪಟ್ಟಿ. ಓನ್ನಿ ಅಡುಗೆಮನೆಯ ಕುರ್ಚಿಗಳನ್ನೆಲ್ಲ ಗೋಡೆಗೆ ತಳ್ಳಿ ರಸ್ತೆ ಸ್ವಚ್ಛ ಮಾಡಿದ.

ದೀಪಸ್ತಂಭದ ದೀಪ ಟೋಪಿಯ ಮೇಲೆ, ಗುಂಡಿ ಆಯ್ಲಿಯ ಮುಷ್ಟಿಯಲ್ಲಿ. ಒತ್ತಿ ಬಿಟ್ಟು ನೋಡಿದಳು. “ಅಪ್ಪಾ, ಅವತ್ತು ನೀನು ಈ ದಡದಲ್ಲಿರ್ತೀಯಲ್ಲ. ನಾನೇ ಅಂತ ಹ್ಯಾಗೆ ಗೊತ್ತಾಗತ್ತೆ?”

ಪ್ರತಿ ದೀಪಸ್ತಂಭಕ್ಕೂ ಮಿನುಗುವ ಲೆಕ್ಕ ಬೇರೆ, ಅದನ್ನು ನೋಡಿಯೇ ಹಡಗಿನವರು ಗುರುತು ಹಿಡಿಯುತ್ತಾರೆ ಎಂದೆ. ಬೆರಳು ಮಡಚಿ ಯೋಚಿಸಿದಳು.

“ಎರಡು ಸಲ. ಆಮೇಲೆ ಬಿಡುವು. ಆಮೇಲೆ ಒಂದು.”

“ಯಾಕೆ ಹಾಗೆ?”

“ಎರಡು ನಾನು, ಓನ್ನಿ. ಒಂದು ನೀನು. ಅಷ್ಟೂ ಗೊತ್ತಾಗಲ್ವಾ?”

ಅಕ್ಟೋಬರ್ 23

ಸ್ತಂಭದ ಬಟ್ಟೆ ಕತ್ತರಿಸಿದೆ. ಬಿಳಿ ಕ್ಯಾನ್ವಾಸ್, ಕೆಂಪು ಪಟ್ಟಿ, ಒಳಗೆ ಫೋಮ್. ಸುತ್ತು ಇಪ್ಪತ್ತಾರು ಅಂಗುಲ.

ಕೋಟಿನ ಮೂವತ್ತೆರಡು ಮರೆತೆ ಎಂದು ಬರೆಯಲು ಹೊರಟಿದ್ದೆ. ಇಲ್ಲಿ ಯಾರು ಓದುತ್ತಾರೆ? ಮರೆತಿಲ್ಲ. ಹಿಮ ಬೀಳುತ್ತದೆ. ಕೋಟಿನ ಮೇಲೆ ವೇಷ ಹಿಡಿಸುವುದಿಲ್ಲ. ಲೋರೀನ್ ಫೋನ್ ಮಾಡಲೇಬೇಕು — ಕತ್ತರಿ ತಗೊಂಡು ಬಾ, ಬೇಗ. ಹನ್ನೆರಡೇ ನಿಮಿಷ. ಬಾಗಿಲಲ್ಲಿ ಮಂಡಿಯೂರಿ ಸರಿ ಮಾಡುತ್ತೇನೆ. ಆಮೇಲೆ ಹೋಗು ಅನ್ನಲು ಯಾರಿಗೆ ಬಾಯಿ ಬರುತ್ತದೆ?

ಅಕ್ಟೋಬರ್ 25

ಹೆಲ್ವಿ ಸ್ತಂಭವನ್ನು ಎತ್ತಿ ಹಿಡಿದು ನೋಡಿದರು. “ಕೋಟು ಎಲ್ಲಿ ಹೋಗತ್ತೆ?”

“ತಪ್ಪಾಯ್ತು. ಅಳತೆ ಮರೆತೆ.”

“ನೀನು? ಅಳತೆ?” ಕನ್ನಡಕ ತೆಗೆದರು. “ನೀನು ಹೋಗೋ ಹೊತ್ತಿಗೆ ಏನಾಗಿರತ್ತೆ ಗೊತ್ತಾ? ಬೇರೆ ಮಕ್ಕಳೆಲ್ಲ ಹೊರಟಿರ್ತಾರೆ. ಇವಳು ಹೊಸಿಲಲ್ಲಿ ಅಳ್ತಾ ನಿಂತಿರ್ತಾಳೆ. ಇಲ್ಲಾ ಮೇಲೆ ಕೋಟು ತೊಡಿಸಿ ಕಳಿಸ್ತಾರೆ. ಕೋಟಿನೊಳಗಿನ ದೀಪಸ್ತಂಭ ಯಾರಿಗೋ ಕಾಣತ್ತೆ?”

ಗಿರಾಕಿ ಬಂದಿದ್ದಾರೆ ಎಂದು ಎದ್ದು ಹೋದೆ. ಗಿರಾಕಿ ಯಾರೂ ಬಂದಿರಲಿಲ್ಲ.

ಅಕ್ಟೋಬರ್ 26

ಬೆಳಗ್ಗೆ ಏಳಕ್ಕೇ ಅಂಗಡಿ. ಹೊಲಿಗೆ ಬಿಚ್ಚಿದೆ. ನಾಲ್ಕು ಪಟ್ಟಿ ಸೇರಿಸಿದೆ. ಈಗ ಮೂವತ್ನಾಲ್ಕು. ಒಳಗೆ ಕೋಟೂ ಹಿಡಿಯುತ್ತದೆ, ಮಗುವೂ.

ಇನ್ನು ನನ್ನನ್ನು ಕರೆಯಲು ಕಾರಣವೇ ಇಲ್ಲ. ಕೆಲಸ ಅಚ್ಚುಕಟ್ಟಾಗಿದೆ.

ಅಕ್ಟೋಬರ್ 29

ಲೋರೀನ್ ಬಂದು ಒಯ್ದಳು. ಸ್ತಂಭವನ್ನು ತಿರುಗಿಸಿ ನೋಡಿ, ಬಿಚ್ಚಿ ಹೊಲಿದ ಗುರುತಿನ ಮೇಲೆ ಬೆರಳಾಡಿಸಿದಳು. ಏಳು ವರ್ಷ ನನ್ನ ಜೊತೆ ಇದೇ ಅಂಗಡಿಯಲ್ಲಿ ಕೂತು ಹೊಲಿದವಳು. ಕಾರಿನ ಹಿಂದಿನ ಸೀಟಿಗೆ ಅದನ್ನು ಮಲಗಿಸಿ ಬೆಲ್ಟ್ ಹಾಕಿದಳು, ಮಗುವಿಗೆ ಹಾಕುವ ಹಾಗೆ.

ಬಾಗಿಲು ಮುಚ್ಚುವ ಮೊದಲು: “ಏಳು ಗಂಟೆಗೆ ನಮ್ಮ ಬೀದಿ ಕೊನೇಲಿರ್ತೀವಿ. ಕಾಲುವೆ ಕಡೆ, ನಿನ್ನ ಕಿಟಕಿಗೆ ಕಾಣೋ ಹಾಗೆ. ಐದು ನಿಮಿಷ.”

“ಪತ್ರದಲ್ಲಿಲ್ಲ,” ಎಂದೆ.

“ಇಲ್ಲ,” ಎಂದಳು.

ಅಕ್ಟೋಬರ್ 31, ಗುರುವಾರ, 6:50

ಮಧ್ಯಾಹ್ನದಿಂದ ಹಿಮ. ಈಗ ನಿಂತಿದೆ. ಇದುವರೆಗೆ ಬಾಗಿಲಿಗೆ ಬಂದ ಮಕ್ಕಳು ಮೂವತ್ತೊಂದು. ಅದರಲ್ಲಿ ಒಂಬತ್ತು ಮಕ್ಕಳ ವೇಷ ಕೋಟಿನೊಳಗೆ. ಏನಾಗಿದ್ದೀರಿ ಎಂದು ಕೇಳಿಯೇ ತಿಳಿಯಬೇಕಾಯಿತು. ಒಬ್ಬ ಜಿಪ್ ಇಳಿಸಿ ತೋರಿಸಿದ. ಹುಲಿ.

ದೀಪ ಆರಿಸಿದ ಮನೆಗೆ ಮಕ್ಕಳು ಬರುವುದಿಲ್ಲ. ಆದರೂ ಮುಂಬಾಗಿಲ ದೀಪ ಆರಿಸಿದೆ. ದೀಪವಿದ್ದರೆ ಆಚೆ ದಡ ಕಾಣುವುದಿಲ್ಲ. ಚಾಕೊಲೇಟ್ ಬುಟ್ಟಿ ಮೆಟ್ಟಿಲ ಮೇಲಿಟ್ಟೆ, ತಗೊಳ್ಳಲಿ. ಕಿಟಕಿ ಪಕ್ಕ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ.

7:02

ಆಚೆ ಗುಡ್ಡದ ತುಂಬ ಬೆಳಕು ಓಡಾಡುತ್ತಿದೆ. ಟಾರ್ಚು, ಕಾರು, ಬಾಗಿಲುಗಳು. ಎಣಿಸಲಾಗದು. ನನಗೇ ಎಣಿಸಲಾಗದು.

7:06

ಬೀದಿ ಕೊನೆಯಲ್ಲಿ ಏನೋ ಕಿತ್ತಳೆ ಬಣ್ಣ. ಮೆಲ್ಲಗೆ, ರಸ್ತೆಯ ಅಂಚಿನಲ್ಲಿ. ತಳ್ಳುತ್ತಿದ್ದಾನೆ, ನಿಜವಾದ ಹಿಮವನ್ನೇ.

ಅದರ ಪಕ್ಕ ಬಿಳಿ. ಎರಡು ಸಲ. ಕತ್ತಲೆ.

ಒಂದು.

ಮತ್ತೆ ಎರಡು. ಬಿಡುವು. ಒಂದು. ಕಾಯುತ್ತಿದ್ದಾಳೆ, ಉತ್ತರ ಕೊಡಬೇಕಲ್ಲ — ಅಂಗಡಿಯ ಗುಂಡಿ ಗುಂಡಿಗೂ ಲೆಕ್ಕ ಇಟ್ಟವನು, ಮನೆಯ ಟಾರ್ಚ್ ಎಲ್ಲಿಟ್ಟೆನೋ, ಹುಡುಕಬೇಕು —