ನಾನು ಆ ಫಂಡ್ ಕೊಂಡಿರಲಿಲ್ಲ, ಶೈಲಕ್ಕ

ಶೈಲಕ್ಕಾ,

ಹೇಗಿದ್ದೀಯ ಎಂದು ಕೇಳಿ ಕಾಗದ ಶುರುಮಾಡುವ ಹಾಗಿಲ್ಲ ಈಗ. ನಾನು ಹೇಗಿದ್ದೇನೆ ಎಂದು ಮಾತ್ರ ಹೇಳಬಹುದು. ಹೇಸಿಗೆಯಾಗಿದೆ. ಮುರಳಿಯ ಮೇಲೆ ಹೇಸಿಗೆ, ಅವನ ಮಾತಿಗೆ ಪಾಯಸ ಸವಿಯುತ್ತಾ ತಲೆಯಾಡಿಸಿದವರ ಮೇಲೆ ಹೇಸಿಗೆ, ಅವರೆಲ್ಲರಿಗಿಂತ ಹೆಚ್ಚಾಗಿ ನನ್ನ ಮೇಲೆ. ನೀನು ಹೋಗಿ ಏಳು ತಿಂಗಳಾಯಿತು. ನಿನಗೆ ಹೇಳಬೇಕಾಗಿದ್ದದ್ದು ಒಂದೇ ಒಂದು ಮಾತು. ಇಷ್ಟು ದಿನ ಅದನ್ನು ಬರೆಯಲಿಲ್ಲ.

ನಿನ್ನ ಹದಿಮೂರನೆಯ ದಿನದ ಊಟದಿಂದಲೇ ಶುರುಮಾಡುತ್ತೇನೆ. ಕ್ಯೋಟೋದಲ್ಲಿ ನಿನ್ನ ಮನೆಯ ಹಿಂದಿನ ಬೀದಿಯ ಸಮುದಾಯ ಭವನವನ್ನೇ ತೆಗೆದುಕೊಂಡಿದ್ದೆವು. ಮೂರು ಗಂಟೆಯೊಳಗೆ ಅಡುಗೆಮನೆ ಒರೆಸಿ ಬಿಟ್ಟುಕೊಡಬೇಕು, ಕಸವನ್ನೆಲ್ಲ ನಾವೇ ಮನೆಗೆ ಹೊತ್ತುಕೊಂಡು ಹೋಗಬೇಕು ಎಂದು ಬಾಗಿಲಲ್ಲೇ ಬರೆದಿತ್ತು. ಇಪ್ಪತ್ತು ಜನ ಬಂದಿದ್ದರು. ಕೋಸಂಬರಿ, ಹುಳಿ, ಶಾವಿಗೆ ಪಾಯಸ. ನಿನ್ನ ಫೋಟೋ ಎದುರಿಗೆ ನಿನ್ನ ಮಗಳು ಮೇಘನಾ ಕಾಲು ಮಡಿಸಿ ಕೂತಿದ್ದಳು, ಜಪಾನಿನ ಹುಡುಗಿಯರು ಕೂರುವ ಹಾಗೆ, ನೆಟ್ಟಗೆ. ಮುರಳಿ ಗೊತ್ತಲ್ಲ, ಒಸಾಕಾದಲ್ಲಿ ಐಟಿ ಕಂಪನಿಯ ಮ್ಯಾನೇಜರು, ಶನಿವಾರ ಭಾನುವಾರ ಕನ್ನಡದವರ ಮನೆಮನೆಗೆ ಹೋಗಿ ಪಾಲಿಸಿ ಮಾರಿ ಎಲ್ಲರ ಫ್ಯೂಚರ್ ನೋಡಿಕೊಳ್ಳುವವನು? ಬೆರಳಿಗಂಟಿದ ಪಾಯಸ ಟಿಶ್ಯೂಗೆ ಒರೆಸಿಕೊಂಡು ಬ್ಯಾಗಿನಿಂದ ಟ್ಯಾಬ್ಲೆಟ್ ತೆಗೆದ.

“ಪುಟ್ಟೀ, ಅಮ್ಮ ಬಿಟ್ಟುಹೋಗಿರೋ ಅಮೌಂಟು ಸುಮ್ನೆ ಬ್ಯಾಂಕಲ್ಲಿ ಕೊಳೀಬಾರ್ದು. ಇದು ಟ್ವೆಂಟಿಫೈವ್ ಇಯರ್ಸ್ ಪ್ಲಾನ್. ಅಂಕಲ್ ಇದ್ದೀನಿ, ಕಣ್ಣು ಮುಚ್ಕೊಂಡು ಸೈನ್ ಮಾಡು” ಅಂದ.

“ಮಧ್ಯದಲ್ಲಿ ದುಡ್ಡು ಬೇಕಾದ್ರೆ?” ಅಂತ ನಾನು ಕೇಳಿದೆ.

“ಮಧ್ಯದಲ್ಲಿ ಯಾಕ್ರೀ ಬೇಕು? ಬೇಕೇ ಬೇಕು ಅಂದ್ರೆ ಸ್ವಲ್ಪ ಪೆನಾಲ್ಟಿ ಇರತ್ತೆ.”

ಸ್ವಲ್ಪ ಎಂದರೆ ಎಷ್ಟು ಎಂದು ಆಮೇಲೆ ಓದಿ ನೋಡಿದೆ. ಮೊದಲ ವರ್ಷಗಳಲ್ಲಿ ಬಿಟ್ಟರೆ ಹೆಚ್ಚುಕಡಿಮೆ ಎಲ್ಲವೂ ಹೋಗುತ್ತದೆ. ನಿನ್ನ ಫೋಟೋದ ಎದುರಿಗೇ, ಅಕ್ಕ! ಊದುಬತ್ತಿ ಇನ್ನೂ ಆರಿರಲಿಲ್ಲ. ನಾನು ಆ ಟ್ಯಾಬ್ಲೆಟ್ಟನ್ನು ಕಿತ್ತುಕೊಂಡು ಆಚೆಗೆ ಎಸೆಯಬೇಕಿತ್ತು ತಾನೆ? ಏನು ಮಾಡಿದೆ ಗೊತ್ತಾ? “ಇನ್ನೊಂದು ಸ್ವಲ್ಪ ಹುಳಿ ಹಾಕ್ಲಾ?” ಅಂತ ಅವನನ್ನು ಕೇಳಿದೆ. ಹಾಕಿಯೂ ಹಾಕಿದೆ. ಯಾಕೆಂದರೆ ಮೇಘನಾ ತಿರುಗಿ ನನ್ನನ್ನು ನೋಡಿ, “ವಸು ಆಂಟಿ, ವಾಟ್ ಡು ಯೂ ಥಿಂಕ್?” ಎಂದು ಕೇಳಿಬಿಟ್ಟರೆ ನನ್ನ ಬಳಿ ಇದ್ದ ಉತ್ತರ...

ಕೆನಡಾದ ಸಾಸ್ಕಟೂನಿನಲ್ಲಿ ನೀನು ನನಗೆ ಮೊದಲ ಸಲ ದುಡ್ಡು ತೊಡಗಿಸುವುದರ ಪಾಠ ಮಾಡಿದ್ದು ಲ್ಯಾಬಿನ ಊಟದ ಕೋಣೆಯಲ್ಲಿ. ಹೊರಗೆ ಮೂವತ್ತು ಡಿಗ್ರಿ ಮೈನಸ್ಸು. ನನಗಾಗ ಕೆನಡಾದ ಸಿಟಿಜನ್‌ಶಿಪ್ ಬಂದು ಒಂದು ವಾರ, ನಾನೇನೋ ದೊಡ್ಡ ವ್ಯಕ್ತಿಯಾದೆ ಎನ್ನುವ ಠೇಂಕಾರ. ದುಡ್ಡನ್ನು ಏನು ಮಾಡಲಿ ಎಂದು ಕೇಳಿದೆ. ನೀನು ಡಬ್ಬಿ ತೆರೆದು ತೋರಿಸಿದೆ. “ನೋಡು, ಬಿಸಿಬೇಳೆಬಾತ್. ಅಕ್ಕಿ, ಬೇಳೆ, ತರಕಾರಿ ಎಲ್ಲ ಒಂದೇ ಪಾತ್ರೇಲಿ. ಆಲ್-ಇನ್-ವನ್ ಇಟಿಎಫ್ ಅನ್ನೋ ಫಂಡೂ ಇಷ್ಟೆ. ಒಂದು ಕೊಂಡ್ರೆ ಕೆನಡಾ, ಅಮೆರಿಕ, ಜಪಾನು, ಇಂಡಿಯಾ, ಎಲ್ಲ ಕಡೆ ಸಾವಿರಾರು ಕಂಪನಿ. ಬೇಕಾದ್ರೆ ಜೊತೆಗೆ ಬಾಂಡು. ಯಾವುದು ಹೆಚ್ಚಾಯ್ತು ಯಾವುದು ಕಡಿಮೆ ಆಯ್ತು ಅಂತ ಸರಿಮಾಡ್ಕೊಳ್ಳೋದೂ ಅವರೇ.” ನಾನು ನನಗೆ ಬಿಸಿಬೇಳೆಬಾತ್ ಸೇರಲ್ಲ ಅಂದೆ. “ಸೇರದಿದ್ರೆ ಉಪವಾಸ ಇರು” ಅಂದೆ ನೀನು. ಅಷ್ಟರಲ್ಲಿ ನಿನ್ನ ಸೆಂಟ್ರಿಫ್ಯೂಜ್ ಯಂತ್ರ ನಿಂತ ಸದ್ದಾಗಿ ಓಡಿಹೋದೆ.

ಆಮೇಲಿನ ಎರಡು ವರ್ಷ ನಾನು ಮಾಡಿದ ಕೆಲಸ ನಿನಗೆ ಗೊತ್ತು, ಆಡಿಕೊಂಡು ನಕ್ಕವಳೂ ನೀನೇ. ಗೋಧಿ ತಳಿಗಳನ್ನು ಹೋಲಿಸಿ ಹೋಲಿಸಿ ಡಾಕ್ಟರೇಟ್ ಪಡೆದವಳು ಫಂಡನ್ನು ಹಾಗೇ ಕೊಳ್ಳುತ್ತಾಳಾ? ನಾಲ್ಕು ಕಂಪನಿಯವರ ಆಲ್-ಇನ್-ವನ್ ಬುಟ್ಟಿಗಳು, ಒಂದೊಂದರಲ್ಲೂ ಮೂರು ಬಗೆ: ಪೂರ್ತಿ ಷೇರು, ಎಂಬತ್ತು ಷೇರು ಇಪ್ಪತ್ತು ಬಾಂಡು, ಅರವತ್ತು ನಲವತ್ತು. ಪ್ರಯೋಗದ ನೋಟ್‌ಬುಕ್ಕಿನಲ್ಲಿ ಬರೆಯುವ ಹಾಗೆ ಎಕ್ಸೆಲ್ಲಿನಲ್ಲಿ ಬರೆದೆ. ಕೆನಡಾದ ಪಾಲು ಇವರದ್ದು ಜಾಸ್ತಿ, ಅವರದ್ದು ಕಮ್ಮಿ. ವರ್ಷದ ಫೀಸಿನಲ್ಲಿ ದಶಾಂಶದ ಎರಡನೆಯ ಅಂಕಿಯ ವ್ಯತ್ಯಾಸ. “ಎಲ್ಲ ಒಂದೇ ಕಣೇ! ಎಷ್ಟು ವರ್ಷ ಮುಟ್ಟಲ್ಲ, ಮಾರ್ಕೆಟ್ ಬಿದ್ದಾಗ ಎಷ್ಟು ಹೆದರ್ತೀಯ, ಇವೆರಡನ್ನೇ ನೋಡಿ ಒಂದು ಬಗೆ ಆರಿಸ್ಕೋ. ಯಾರ ಬುಟ್ಟಿ ಆದ್ರೇನು?” ಎಂದು ನೀನು ಕೂಗಾಡಿದ್ದು ಇನ್ನೂ ಕಿವಿಯಲ್ಲಿದೆ. ನಾನು ಇನ್ನೊಂದು ಕಾಲಂ ಸೇರಿಸಿದೆ. ನಷ್ಟಕ್ಕೆ ಹೆದರಿದ್ದಲ್ಲ, ಅಕ್ಕ. ತಪ್ಪು ಆರಿಸಿದೆ ಅನ್ನಿಸಿಕೊಳ್ಳಬಾರದು ಎನ್ನುವ ಕೊಬ್ಬು ಅದು. ಛೀ.

ಕ್ಯೋಟೋ ಸ್ಟೇಷನ್ನಿನ ಬಸ್ ಸ್ಟಾಪಿನಲ್ಲಿ ನೀನು ನನ್ನನ್ನು ಕರೆದೊಯ್ಯಲು ಬಂದ ದಿನ. ನೀನು ಇಲ್ಲಿಗೆ ಬಂದು ಎರಡು ವರ್ಷವಾಗಿತ್ತು, ನಿನ್ನ ಸಂಸ್ಥೆಯಲ್ಲೇ ನನಗೂ ಕೆಲಸ ಕೊಡಿಸಿದ್ದೆ. ನನ್ನ ಎರಡು ಸೂಟ್‌ಕೇಸು, ಉದ್ದನೆಯ ಸಾಲು, ಬಸ್ಸಿಗೆ ಹತ್ತುವವರಿಗೆಲ್ಲ ನೀನು ಸುಮಿಮಾಸೆನ್ ಸುಮಿಮಾಸೆನ್, ಕ್ಷಮಿಸಿ ಕ್ಷಮಿಸಿ ಎನ್ನುತ್ತಾ ದಾರಿ ಬಿಡಿಸುತ್ತಿದ್ದೆ. ಆ ಗಲಾಟೆಯಲ್ಲೇ ನೀನು ಕೇಳಿದೆ: “ವಿಮಾನ ಹತ್ತೋ ಮುಂಚೆ ಕೊಂಡ್ಯಾ?” ಹತ್ತುವ ಮುಂಚೆ ಕೊಳ್ಳಲೇಬೇಕು ಎಂದು ನೀನು ಹತ್ತು ಸಲ ಹೇಳಿದ್ದೆ. ನಾನು “ಹೂಂ, ಕೊಂಡೆ” ಅಂದೆ. ಬಾಯಿತಪ್ಪಿ ಬಂದದ್ದಲ್ಲ. ನಾಳೆ ಕೊಂಡರೆ ನಿಜವೇ ಆಗುತ್ತದಲ್ಲ ಎಂದು ಲೆಕ್ಕ ಹಾಕಿ ಹೇಳಿದ ಸುಳ್ಳು. ಮಾರನೆಯ ದಿನ ಕೊಳ್ಳಲೆಂದು ನನ್ನ ಕೆನಡಾ ಅಕೌಂಟಿನ ಆ್ಯಪ್ ತೆರೆದು ಕ್ಯೋಟೋ ವಿಳಾಸ ಹಾಕಿದೆ. ಎರಡು ದಿನದಲ್ಲಿ ಉತ್ತರ ಬಂತು. ಕೆನಡಾದಲ್ಲಿ ವಾಸವಿಲ್ಲದವರು ಇರುವುದನ್ನು ಮಾರಬಹುದು, ಹೊಸದಾಗಿ ಕೊಳ್ಳುವಂತಿಲ್ಲ. ಮಾರಲು ನನ್ನ ಹತ್ತಿರ ಏನಿತ್ತು? ಬರೀ ಕ್ಯಾಶ್. ಇವತ್ತಿಗೂ ಅಲ್ಲೇ ಕೂತಿದೆ.

ಆಸ್ಪತ್ರೆಯ ಆರನೆಯ ಮಹಡಿಯ ಆ ಮಧ್ಯಾಹ್ನ. ಇದನ್ನು ಬರೆಯುವುದಕ್ಕೇ ಇಷ್ಟೆಲ್ಲ ಸುತ್ತಿಬಂದೆ. ನರ್ಸ್ ಡ್ರಿಪ್ ಬದಲಾಯಿಸಿ ಹೋದಳು. ನೀನು ದಿಂಬಿನ ಕೆಳಗಿಂದ ಒಂದು ಹಾಳೆ ತೆಗೆದೆ, ಮೇಘನಾಗೆ ಬರೆದಿಟ್ಟದ್ದು. ಕೆನಡಾದಲ್ಲಿ ಓದುವ ನಾಲ್ಕು ವರ್ಷದ ಫೀಸಿನ ದುಡ್ಡು ಬ್ಯಾಂಕಿನಲ್ಲೇ ಇರಲಿ, ಮುಟ್ಟಬೇಡ. ಮಿಕ್ಕದ್ದಕ್ಕೆ ಅಲ್ಲಿಗೆ ಹೋದಮೇಲೆ ಅಕೌಂಟ್ ತೆರೆದು ಒಂದೇ ಒಂದು ಆಲ್-ಇನ್-ವನ್. ಬಿದ್ದಾಗ ಮಾರಬೇಡ. ಗೊತ್ತಾಗದಿದ್ದರೆ ವಸು ಆಂಟಿಯನ್ನು ಕೇಳು.

“ನೀನು ಯಾವುದು ಕೊಂಡಿದ್ದು?” ಅಂದೆ ನೀನು.

“ಎಂಬತ್ತು-ಇಪ್ಪತ್ತು.”

“ಬಿದ್ದಾಗ ಏನ್ಮಾಡಿದೆ?”

“ಒಂದ್ಸಲ ಜೋರಾಗೇ ಬಿತ್ತು ಅಕ್ಕ. ಮುಟ್ಟಲಿಲ್ಲ.”

ನೋಡು, ಕೇಳದಿದ್ದದ್ದನ್ನೂ ಸೇರಿಸಿ ಹೇಳಿದೆ! ಇಲ್ಲದ ಫಂಡು ಬಿದ್ದಾಗ ಇಲ್ಲದ ಧೈರ್ಯ ತೋರಿಸಿದೆ. ನಿನ್ನ ಮುಖ ಎಷ್ಟು ಸಡಿಲವಾಯಿತು ಎಂದರೆ... ನೀನು ನನ್ನ ಮಣಿಕಟ್ಟು ಹಿಡಿದುಕೊಂಡೆ. “ಹಾಗಾದ್ರೆ ಮೇಘನಾಗೆ ನೀನಿದ್ದೀಯ. ನಾನು ಹೇಳಿದ್ರೆ ಅವಳು ಕೇಳಲ್ಲ. ಮಾಡ್ದೋರು ಹೇಳಿದ್ರೆ ಕೇಳ್ತಾಳೆ” ಅಂದೆ. ಆಗಲಾದರೂ ನಾನು ನಿಜ ಹೇಳಬಹುದಿತ್ತು. ಆ ಕೋಣೆಯಲ್ಲಿ ಇನ್ನೂ ಅರ್ಧ ಗಂಟೆ ಕೂತಿದ್ದೆ. ಕಿತ್ತಳೆಹಣ್ಣು ಸುಲಿದುಕೊಟ್ಟೆ, ಹವಾಮಾನ ಮಾತಾಡಿದೆ.

ಜೂನ್ ಮಳೆ ಹಿಡಿದುಕೊಂಡಿದ್ದ ಒಂದು ಭಾನುವಾರ ಬೆಳಗ್ಗೆ ಮೇಘನಾ ಸೈಕಲ್ಲಿನಲ್ಲಿ ನನ್ನ ಅಪಾರ್ಟ್‌ಮೆಂಟಿಗೆ ಬಂದಳು. ರೇನ್‌ಕೋಟು ನೀರು ಸುರಿಸುತ್ತಿತ್ತು, ಒಳಗೆ ಬರುವ ಮುಂಚೆ ಅದನ್ನು ಮಡಿಸಿ ಪ್ಲಾಸ್ಟಿಕ್ ಕವರಿಗೆ ಹಾಕಿದಳು. ಹತ್ತೊಂಬತ್ತು ವರ್ಷ, ನಿನ್ನದೇ ಮೂಗು. ಮೇಜಿನ ಮೇಲೆ ಎರಡು ಕಾಗದ ಇಟ್ಟಳು. ಒಂದು ನಿನ್ನ ಹಾಳೆ. ಇನ್ನೊಂದು ಮುರಳಿಯ ಫಾರಂ, ಅದರಲ್ಲಿ ಅವಳ ಹೆಸರು, ಹುಟ್ಟಿದ ದಿನ, ಎಲ್ಲ ಅವನೇ ತುಂಬಿಸಿಬಿಟ್ಟಿದ್ದ. ಸಹಿಯ ಜಾಗದಲ್ಲಿ ಪೆನ್ಸಿಲಿನ ಇಂಟು ಗುರುತು. ಮಂಗಳವಾರ ಬಂದು ತೆಗೆದುಕೊಂಡು ಹೋಗುತ್ತೇನೆ ಎಂದಿದ್ದನಂತೆ.

“ಆಂಟಿ, ಅಂಕಲ್ ಶೋಡ್ ಮಿ ಹಿಸ್ ಓನ್ ಪಾಲಿಸಿ. ಹತ್ತು ವರ್ಷದಿಂದ ಕಟ್ತಿದ್ದಾರಂತೆ. ನಿಮ್ಮದು ತೋರಿಸಿ. ದೆನ್ ಐ ವಿಲ್ ಡಿಸೈಡ್.”

ನನಗೆ ಅವನ ಮೇಲಿದ್ದ ಅಸಹ್ಯವೆಲ್ಲ ಆ ಕ್ಷಣ ಎಲ್ಲಿಗೆ ಹೋಯಿತು? ಆ ಮನುಷ್ಯ ಹಾಳು ಪ್ಲಾನು ಮಾರುತ್ತಾನೆ, ಕಮಿಷನ್ ನುಂಗುತ್ತಾನೆ, ಸಾವಿನ ಊಟಕ್ಕೆ ಟ್ಯಾಬ್ಲೆಟ್ ತರುತ್ತಾನೆ. ಆದರೆ ಮಾರುವುದನ್ನು ತಾನೂ ಕೊಂಡಿದ್ದಾನೆ. ನಾನು? ಬೇರೆ ಯಾರದ್ದೋ ಸ್ಕ್ರೀನ್‌ಶಾಟ್ ಹುಡುಕಿ ತೋರಿಸಬಹುದಾ ಎನ್ನುವ ಯೋಚನೆಯೂ ಬಂತು, ಅಕ್ಕ. ಬಂತು. ಮುಚ್ಚಿಟ್ಟು ಏನು ಪ್ರಯೋಜನ? ಫೋನಿಗಾಗಿ ತಡಕಾಡುವ ನಾಟಕ ಮಾಡುತ್ತಾ ಒಂದು ನಿಮಿಷ ಅದನ್ನೇ ಯೋಚಿಸಿದೆ. ಆಮೇಲೆ ಆ್ಯಪ್ ತೆರೆದು ಅವಳ ಮುಂದಿಟ್ಟೆ.

ಅವಳು ಎರಡು ಸಲ ಬೆರಳಾಡಿಸಿ ನೋಡಿದಳು. “ಇಲ್ಲಿ ಏನೂ ಇಲ್ಲ. ಬರೀ ಕ್ಯಾಶ್.”

“ಹೌದು.”

“ಮಾರಿಬಿಟ್ರಾ?”

“ಕೊಂಡೇ ಇರಲಿಲ್ಲ.”

“ಬಟ್ ಅಮ್ಮ ಸೆಡ್...”

“ಅಮ್ಮಂಗೆ ನಾನು ಸುಳ್ಳು ಹೇಳಿದ್ದೆ.”

ಆಮೇಲೆ ಅವಳು ಆಡಿದ ಮಾತಿಗೆ ನಾನು ಸಿದ್ಧಳಾಗಿರಲಿಲ್ಲ. ಇಷ್ಟು ಓದಿದ ನಿಮಗೇ ಆಗಲಿಲ್ಲ ಅಂದಮೇಲೆ ಅಮ್ಮ ಹೇಳಿದಷ್ಟು ಸುಲಭವಲ್ಲವೇನೋ, ಮುರಳಿ ಅಂಕಲ್ ಹೇಳುವುದೇ ಸರಿಯೇನೋ, ಎಂದಳು. ನನ್ನ ಸುಳ್ಳು ಎಲ್ಲಿಗೆ ಹೋಗಿ ಮುಟ್ಟುತ್ತಿತ್ತು ನೋಡಿದೆಯಾ? ಆಗ ನಾಚಿಕೆ ಬಿಟ್ಟು ಬಾಯಿ ಬಿಟ್ಟೆ. ಲ್ಯಾಪ್‌ಟಾಪಿನಲ್ಲಿ ಆ ದರಿದ್ರ ಎಕ್ಸೆಲ್ಲನ್ನು ತೆರೆದು ತೋರಿಸಿದೆ, ಎಲ್ಲ ಕಾಲಂಗಳನ್ನೂ. ಸುಲಭವಾಗಿತ್ತು ಪುಟ್ಟಾ, ಹತ್ತು ನಿಮಿಷದ ಕೆಲಸ, ಯಾವುದು ಕೊಂಡಿದ್ದರೂ ನಡೆಯುತ್ತಿತ್ತು, ಆರಿಸುವುದರಲ್ಲೇ ಜಾಣತನ ಇದೆ ಅಂದುಕೊಂಡು ಕೆಟ್ಟೆ ಎಂದೆ. ಮುರಳಿಯ ಫಾರಮ್ಮಿನ ಹಿಂಬದಿಯ ಸಣ್ಣಕ್ಷರವನ್ನು ಇಬ್ಬರೂ ಕೂತು ಸಾಲುಸಾಲಾಗಿ ಓದಿದೆವು. ಪೆನಾಲ್ಟಿಯ ಪಟ್ಟಿ ಬಂದಾಗ ಅವಳು ಜಪಾನಿ ಭಾಷೆಯಲ್ಲಿ ಏನೋ ಗೊಣಗಿದಳು. ಒಳ್ಳೆಯ ಮಾತಲ್ಲ ಎಂದು ಮುಖ ನೋಡಿ ತಿಳಿಯಿತು.

ಹೊರಡುವಾಗ ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತಾ, ತಲೆ ಎತ್ತದೆ ಕೇಳಿದಳು: “ನೀವು ಹಾಗೆ ಹೇಳಿದಾಗ, ಅಮ್ಮ ಏನಂದ್ರು?”

“‘ಮೇಘನಾಗೆ ನೀನಿದ್ದೀಯ’ ಅಂದ್ರು.”

ಲೇಸು ಕಟ್ಟುತ್ತಿದ್ದ ಕೈ ನಿಂತಿತು. ಆಮೇಲೆ ಕಟ್ಟಿ ಮುಗಿಸಿ, ರೇನ್‌ಕೋಟು ಹಾಕಿಕೊಂಡು, ಬಗ್ಗಿ ವಂದಿಸಿದಳು. ಪರಿಚಯವಿಲ್ಲದವರ ಮನೆಯಿಂದ ಹೊರಡುವಾಗ ಇಲ್ಲಿಯವರು ಬಗ್ಗುತ್ತಾರಲ್ಲ, ಅಷ್ಟು ಚೊಕ್ಕಟವಾಗಿ. ಹತ್ತು ವರ್ಷ ನನ್ನ ತಟ್ಟೆಯಿಂದ ಹಪ್ಪಳ ಕಿತ್ತು ತಿಂದ ಹುಡುಗಿ. ಆಗಸ್ಟಿನಲ್ಲಿ ಕೆನಡಾಕ್ಕೆ ಹೊರಡುವಾಗ ಏರ್‌ಪೋರ್ಟಿಗೆ ಬರಲಾ ಎಂದು ಕೇಳಿದೆ. ಬೇಡ, ಲಗೇಜು ಕಡಿಮೆ ಇದೆ ಅಂದಳು.

ಹೋದ ತಿಂಗಳು ಲ್ಯಾಬಿನ ಕೆಳಗಿನ ಕೊಂಬಿನಿ ಅಂಗಡಿಯಲ್ಲಿ ಕಾಫಿಗೆ ಸಾಲಿನಲ್ಲಿ ನಿಂತಿದ್ದಾಗ ಅವಳ ಮೆಸೇಜು ಬಂತು. ನಿನಗೆ ಹೇಳಬೇಕೆಂದಿದ್ದ ಸುದ್ದಿ ಇದು. ಟೊರಾಂಟೊದಲ್ಲಿ ಅಕೌಂಟ್ ತೆರೆದಿದ್ದಾಳೆ. ಫೀಸಿನ ದುಡ್ಡು ಬೇರೆ ಇಟ್ಟಿದ್ದಾಳೆ. ಮಿಕ್ಕದ್ದಕ್ಕೆ ಒಂದೇ ಒಂದು ಆಲ್-ಇನ್-ವನ್ ಕೊಂಡಿದ್ದಾಳೆ, ಅರವತ್ತು-ನಲವತ್ತರದ್ದು. ಸದ್ಯಕ್ಕೆ ಅಷ್ಟೇ ಧೈರ್ಯವಂತೆ. ಆರಿಸಲು ಒಂದು ಲೆಕ್ಚರಿಗೂ ಇನ್ನೊಂದಕ್ಕೂ ನಡುವಿನ ಬಿಡುವು ಸಾಕಾಯಿತಂತೆ. ಮುರಳಿಗೆ ಆ ಮಂಗಳವಾರವೇ ಇಲ್ಲ ಎಂದು ಹೇಳಿ ಫಾರಂ ವಾಪಸ್ ಕೊಟ್ಟಳಂತೆ. ನೀನು ಅಂದುಕೊಂಡ ಹಾಗೆಯೇ ಆಯಿತು, ಅಕ್ಕ, ಮೊದಲಿಂದ ಕೊನೆಯವರೆಗೂ.

ಮೆಸೇಜಿನ ಕೊನೆಗೆ ಇನ್ನೂ ಎರಡು ಸಾಲಿತ್ತು. “ನನಗೆ ನಿಜ ಹೇಳಿದ್ದಕ್ಕೆ ಥ್ಯಾಂಕ್ಸ್ ಆಂಟಿ. ಅಮ್ಮಂಗೆ ಹೇಳಬೇಕಿತ್ತು. ನಾನಾಗೇ ಮಾಡೋವರೆಗೂ ನನಗೆ ಫೋನ್ ಮಾಡಬೇಡಿ.”

ಕಾಫಿ ತೆಗೆದುಕೊಳ್ಳದೆ ಹೊರಗೆ ಬಂದೆ. ತಪ್ಪು ಅವಳದ್ದಲ್ಲ. ಮಾಡಿದವರು ಹೇಳಿದರೆ ಕೇಳುತ್ತಾಳೆ ಎಂದೆಯಲ್ಲ, ಮಾಡದವಳು ಹೇಳಿದ್ದನ್ನೂ ಕೇಳಿದಳು. ಆದರೆ ನಿನಗೆ ಸುಳ್ಳು ನಂಬಿಸಿ ಕಳಿಸಿದ್ದನ್ನು ಅವಳು ಕ್ಷಮಿಸಿಲ್ಲ. ಕ್ಷಮಿಸು ಎಂದು ನಾನೂ ಕೇಳುವುದಿಲ್ಲ. ನಿನ್ನನ್ನೂ ಕೇಳುವುದಿಲ್ಲ.

ಒಂದು ಮಾತು ಕೊಡುತ್ತೇನೆ. ಅವಳ ಫೋನ್ ಬಂದ ದಿನ, ಎಷ್ಟು ವರ್ಷವಾಗಲಿ, ಅವಳು ಏನು ಕೇಳಿದರೂ ಇದ್ದದ್ದನ್ನು ಇದ್ದ ಹಾಗೇ ಹೇಳುತ್ತೇನೆ. ಅಲ್ಲಿಯವರೆಗೆ ನಾನಾಗಿ ಮಾಡುವುದಿಲ್ಲ. ಮೂವತ್ತೆರಡು ದಿನವಾಯಿತು, ಮಾಡಿಲ್ಲ.

ನಿನ್ನ
ವಸು