ಅವನ ಪಾಲಿನ ಮೌನ

ಮಾರ್ಚ್ 3, ಸೋಮವಾರ

ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಕಾಗುಣಿತವೂ ಅಷ್ಟಕ್ಕಷ್ಟೆ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಕ್ಷಮಿಸು ಪುಸ್ತಕವೇ. ಬಾಯಿಬಿಟ್ಟು ಹೇಳಲಾಗದ್ದಕ್ಕೇ ಬರೆಯುತ್ತಿದ್ದೇನೆ.

ಬೆಳಿಗ್ಗೆಯಿಂದ ನಮ್ಮ ಅಂಗಡಿಯಲ್ಲಿ ಇಸ್ತ್ರಿ. ಅತ್ತಿಗೆ ಬಟ್ಟೆಗೆ ನೀರು ಚಿಮುಕಿಸುತ್ತಾ ಕೇಳಿದಳು, "ನಿನ್ನೆ ನಿನ್ನ ರೇಡಿಯೋದಲ್ಲಿ ಹಾಡಿನ ಮಧ್ಯೆ ಕೈ ತೊಳೆಯೋ ಪಾಠ ಯಾಕೆ ಬಂತೇ? ನಿಮ್ಮ ಬ್ಯಾಂಡಿನವರು ಸ್ನಾನ ಮಾಡಲ್ಲ ಅಂತಲಾ?"

ನಗು ಬರಲಿಲ್ಲ.

ಭಾನುವಾರ ನಾಲ್ಕಕ್ಕೆ ನನ್ನ ಕಾರ್ಯಕ್ರಮ. ನಮ್ಮೂರಿನ ಸಮುದಾಯ ರೇಡಿಯೋ. ಬೇರೆ ಯಾರೂ ಹಾಕದ ಹಾಡು ಹಾಕುತ್ತೇನೆ — ಗ್ಯಾರೇಜಲ್ಲಿ, ಟೆರೇಸ್ ಮೇಲೆ, ಮೆಟ್ಟಿಲ ಕೆಳಗೆ ಕೂತು ರೆಕಾರ್ಡ್ ಮಾಡಿದ್ದು. ಬ್ಯಾಂಡಿನ ಹೆಸರು, ಹಾಡಿನ ಹೆಸರು, ಅಷ್ಟೇ ನನ್ನ ಮಾತು. ಅಷ್ಟಕ್ಕೇ ಅಂಗೈ ಬೆವರುತ್ತದೆ.

ನಿನ್ನೆಯ ಹಾಡಿನ ನಡುವೆ ಪೂರ್ತಿ ಮೌನ. ಆ ಬ್ಯಾಂಡಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದವನು ಹೋದ ವರ್ಷ ತೀರಿಕೊಂಡ. ಅವನೊಬ್ಬನೇ ನುಡಿಸುತ್ತಿದ್ದ ಜಾಗವನ್ನು ಗೆಳೆಯರು ಹಾಗೇ ಖಾಲಿ ಬಿಟ್ಟಿದ್ದಾರೆ. ಆದರೆ ಸ್ಟೇಷನ್ನಿನಲ್ಲಿ ಒಂದು ಮಷೀನ್ ಇದೆ. ಸದ್ದು ನಿಂತರೆ ರೇಡಿಯೋ ಕೆಟ್ಟಿತು ಅಂದುಕೊಂಡು ತಾನೇ ಏನಾದರೂ ಹಾಕಿಬಿಡುತ್ತದೆ. ನಿನ್ನೆ ಹಾಕಿದ್ದು ಕೈ ತೊಳೆಯೋ ಪಾಠ. ನನಗೆ ಅದು ಹೊಳೆಯಲೇ ಇಲ್ಲ...

ಮಾರ್ಚ್ 5, ಬುಧವಾರ

ತೀರಿಕೊಂಡ ಆ ಹುಡುಗನ ಅಮ್ಮ ಅಂಗಡಿಗೇ ಬಂದರು. ಬಸ್ ಸ್ಟ್ಯಾಂಡ್ ಹತ್ತಿರ ಬೀಗದ ಕೈ ಮಾಡಿಕೊಡುವವರು. ಬೈಯಲಿಲ್ಲ.

"ಅಕ್ಕಪಕ್ಕದ ಅಂಗಡಿಯವರನ್ನೆಲ್ಲ ಕರೆದು ಕೂರಿಸಿದ್ದೆ ಕಣಮ್ಮ. ನನ್ನ ಮಗನ ಜಾಗದಲ್ಲಿ ಸೋಪು ಹಚ್ಚಿ ಅಂದ್ರಲ್ಲ."

ಬೈದಿದ್ದರೇ ವಾಸಿಯಿತ್ತು.

"ಇನ್ನೊಂದ್ ಸಲ ಹಾಕ್ತೀನಿ. ಪೂರ್ತಿ." ಬಾಯಿಂದ ಬಂದೇಬಿಟ್ಟಿತು.

ಮಾರ್ಚ್ 7, ಶುಕ್ರವಾರ

ಸ್ಟೇಷನ್ ನಡೆಸುವ ಮೇಡಂ ಹತ್ತಿರ ಹೋದೆ. "ಆ ಮಷೀನ್ ಆಫ್ ಮಾಡೋ ಹಾಗಿಲ್ಲ. ಮತ್ತೆ ಹೀಗಾದ್ರೆ ನಿನ್ನ ಗಂಟೆ ಸಿನಿಮಾ ಹಾಡಿಗೆ ಕೊಡ್ತೀನಿ. ಕೇಳೋರು ಬೇಕಾದಷ್ಟು ಜನ ಇದ್ದಾರೆ."

ತಲೆಯಾಡಿಸಿದೆ. ಒಪ್ಪಿದೆ ಅಂದುಕೊಂಡರು. ಒಪ್ಪಿಲ್ಲ.

ಮಷೀನು, ವೈರು ನೋಡಿಕೊಳ್ಳುವವನನ್ನು ಎಲ್ಲರೂ ವೈರಣ್ಣ ಅನ್ನುತ್ತಾರೆ. ಅವನನ್ನು ಕೇಳಿದೆ. ನಕ್ಕ. "ಅದಕ್ಕೇನು ಸಂಗೀತ ಜ್ಞಾನ ಇದ್ಯಾ? ಸದ್ದು ಬೇಕು ಅಷ್ಟೆ. ಫ್ಯಾನ್ ಸದ್ದಾದ್ರೂ ನಡೆಯುತ್ತೆ."

"ಹಾಗಾದ್ರೆ ಆ ಹೊತ್ತಲ್ಲಿ ನನ್ನ ಮೈಕ್ ಆನ್ ಮಾಡಿಟ್ರೆ?"

ತಲೆ ಕೆರೆದುಕೊಂಡ. "ನಾನೇನೂ ಕೇಳಿಸ್ಕೊಂಡಿಲ್ಲ ತಾಯಿ."

ಮಾರ್ಚ್ 9, ಭಾನುವಾರ, ಸಂಜೆ

ಆ ಹುಡುಗನ ಅಮ್ಮನನ್ನು ನಾನೇ ಹೋಗಿ ಕರೆತಂದು ಪಕ್ಕದ ಕುರ್ಚಿಯಲ್ಲಿ ಕೂರಿಸಿದೆ. ಮೈಕಿಗೆ ಬಾಗಿ ಹೇಳಿದೆ — ಈ ಹಾಡಿನ ನಡುವೆ ಒಬ್ಬರ ಜಾಗ ಇದೆ, ರೇಡಿಯೋ ಕೆಟ್ಟಿಲ್ಲ, ದಯವಿಟ್ಟು ಕಾಯಿರಿ. ಬರೆದುಕೊಂಡಿದ್ದ ಚೀಟಿ ನೋಡದೆ ಹೇಳಿದ್ದು.

ಮೌನ ಬಂತು. ಮೈಕ್ ಆನ್ ಮಾಡಿದೆ. ಫ್ಯಾನು ಗರಗರ. ಮಷೀನ್ ಸುಮ್ಮನಿತ್ತು.

"ಯಾವಾಗಮ್ಮ ಶುರುವಾಗೋದು?" ಅಮ್ಮ. ಗಟ್ಟಿಯಾಗಿ. ಊರಿಗೆಲ್ಲ ಕೇಳಿಸುವ ಹಾಗೆ.

ಮೆಲ್ಲಗೆ ಅಂದೆ, "ಇದೇ ಅವನದ್ದು."

"ಓ..."

ಅಮ್ಮ ಕುರ್ಚಿ ಮುಂದೆಳೆದುಕೊಂಡರು. ಆಮೇಲೆ, "ಇಷ್ಟುದ್ದ ನುಡಿಸ್ತಿದ್ನಾ? ಮನೇಲಿ ಕುಡಿದ ಲೋಟ ಎತ್ತಿಡ್ತಿರಲಿಲ್ಲ ಕಳ್ಳ."

ಗಾಜಿನಾಚೆ ಮೇಡಂ ಎದ್ದು ನಿಂತರು. ಮೈಕ್ ಮುಚ್ಚು ಅಂತ ಕೈಸನ್ನೆ. ಅವರನ್ನೇ ನೋಡಿದೆ. ಮುಚ್ಚಲಿಲ್ಲ. ಅಮ್ಮ ಮೂಗು ಒರೆಸಿಕೊಂಡದ್ದೂ ಹೋಯಿತು ರೇಡಿಯೋದಲ್ಲಿ. ಡ್ರಮ್ ಮತ್ತೆ ಶುರುವಾಗುವವರೆಗೂ ಮುಚ್ಚಲಿಲ್ಲ.

ಮಾರ್ಚ್ 12, ಬುಧವಾರ

ಮೇಡಂ ಕರೆಸಿದ್ದರು. ಕೂರು ಅನ್ನಲಿಲ್ಲ.

"ಮನೇಲಿ ಆಡೋ ಮಾತೆಲ್ಲ ಪ್ರಸಾರ ಆಗಬಾರದು ಅಂತ ಗೊತ್ತು ತಾನೆ?"

"ಹೂಂ."

"ನಾನು ಸನ್ನೆ ಮಾಡಿದ್ದು ಕಾಣಿಸಲಿಲ್ವಾ?"

ಕಾಣಿಸಲಿಲ್ಲ ಅಂದರೆ ಮುಗಿಯುತ್ತಿತ್ತು. "ಕಾಣಿಸ್ತು ಮೇಡಂ. ಮತ್ತೆ ಹಾಗೇ ಆದ್ರೂ ಮುಚ್ಚಲ್ಲ."

ನನ್ನ ದನಿಯೇ ಅದು? ಮೇಡಂ ಪೆನ್ನಿನ ಕ್ಯಾಪು ತೆಗೆದರು, ಹಾಕಿದರು. ಈಗ ಹೋಗು ಅನ್ನುತ್ತಾರೆ ಅಂದುಕೊಂಡೆ.

"ಈ ಭಾನುವಾರ ಯಾವ ಬ್ಯಾಂಡು?"

ಮಾರ್ಚ್ 13, ಬೆಳಿಗ್ಗೆ

ಮೈಕಿಗೆ ಹಾಕುವ ಸ್ಪಂಜಿನ ಟೋಪಿ ಕೊಳೆಯಾಗಿತ್ತು, ನಿನ್ನೆ ಮನೆಗೆ ತಂದಿದ್ದೆ. ಈಗ ಒಗೆದು, ಹಿಂಡಿ, ಗಿರಾಕಿಗಳ ಅಂಗಿಗಳ ನಡುವೆ ಹಗ್ಗಕ್ಕೆ ಸಿಕ್ಕಿಸಿದೆ. ಅತ್ತಿಗೆ ನೋಡಿ, ಇದ್ಯಾರ ಮನೆ ಮಗೂ ಟೋಪಿಯೇ ಅಂತ ಕೇಳುತ್ತಿದ್ದಾಳೆ.