ಭಾವ ಪುಸ್ತಕ ಕೇಳಲು ಬಂದ ದಿನ

ಅಕ್ಕಾ,

ವಿಳಾಸವನ್ನೂ ಹೇಳದೆ ಹೋದವಳಿಗೆ ಇದನ್ನು ಎಲ್ಲಿಗೆ ಕಳಿಸಲಿ? ಆದರೂ ಬರೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ನಿನ್ನ ಗಂಡ ನಮ್ಮ ಪಿಂಗಾಣಿ ವರ್ಕ್‌ಶಾಪಿಗೆ ನುಗ್ಗಿದ.

ಅವನಿಗೆ ಬೇಕಿದ್ದದ್ದು ನಮ್ಮ ಪುಸ್ತಕ. ಎಡಪುಟದಲ್ಲಿ ನೀನು ಬರೆದ ಹಕ್ಕಿ, ಬಳ್ಳಿಗಳು. ಬಲಪುಟದಲ್ಲಿ ಆ ಚಿತ್ರಗಳ ಬಣ್ಣ ಬೆಂಕಿಯಲ್ಲಿ ಕೆಡದಿರಲೆಂದು ನಾನು ಕಂಡುಹಿಡಿದ ಬೆರಕೆಯ ಅಳತೆ, ಭಟ್ಟಿಯ ಶಾಖ. ಅದನ್ನು ಯಾವುದೋ ದೊಡ್ಡ ಕಂಪನಿಗೆ ಮಾರುತ್ತಾನಂತೆ.

"ನನ್ ಹೆಂಡ್ತಿ ಬರೆದಿದ್ದು, ನಂಗೇ ಸೇರ್ಬೇಕು. ಕೊಡೇ!"

"ಅರ್ಧ ನಂದು ಭಾವ. ಇನ್ನರ್ಧ ಅಕ್ಕನೇ ಬಂದು ಕೇಳ್ಲಿ."

ಕೆನ್ನೆಗೆ ಬಿತ್ತು. ಜುಟ್ಟು ಹಿಡಿದು ನನ್ನ ಮುಖವನ್ನು ಕಪಾಟಿಗೆ ಚಚ್ಚಿದ. ನೀನು ಚಿತ್ರ ಬರೆದಿದ್ದ ಹೂಜಿಗಳೆಲ್ಲ ಮೈಮೇಲೆ ಬಿದ್ದು ಚೂರಾದವು. ಬಾಯಿತುಂಬ ರಕ್ತ. ತಡಕಾಡಿದ ಕೈಗೆ ಭಟ್ಟಿಯ ಉದ್ದನೆಯ ಇಕ್ಕಳ ಸಿಕ್ಕಿತು. ಅವನ ಮೊಣಕೈಗೆ ಬೀಸಿದೆ. ಮೂಳೆ ಲಟಕ್ಕೆಂದು ಮುರಿಯಿತು. ಅವನು ಕುಸಿದು ಬಿದ್ದ ಮೇಲೂ ಎರಡು ಸಲ ಬೀಸಿದೆ. ಮಣ್ಣು ಕಲಸುವಾಕೆ ಓಡಿಬಂದು ನನ್ನ ಸೊಂಟ ಹಿಡಿದು ಎಳೆಯದಿದ್ದರೆ ನಿಲ್ಲಿಸುತ್ತಿರಲಿಲ್ಲ.

ಪೊಲೀಸಮ್ಮ ಬಂದು ನನ್ನ ಹೇಳಿಕೆ ಬರೆದುಕೊಂಡರು.

"ನಿಮ್ಮಕ್ಕಂಗೂ ಹೊಡೀತಿದ್ನಾ?"

"ಹೂಂ. ಆರು ವರ್ಷ."

"ಅದು ಯಾರಿಗಾದ್ರೂ ಗೊತ್ತಿತ್ತಾ?"

ದಿನವೂ ನಿನ್ನ ಎದುರಿಗೇ ಕೂತು ಬಣ್ಣ ಅರೆಯುತ್ತಿದ್ದವಳು ನಾನು. ಊದಿಕೊಂಡ ಬೆರಳುಗಳಲ್ಲಿ ನೀನು ಕುಂಚ ಹಿಡಿಯಲು ಒದ್ದಾಡುವಾಗ, ನಾನು ತಲೆ ತಗ್ಗಿಸಿ ತಕ್ಕಡಿಯ ಮುಳ್ಳು ನೋಡುತ್ತಿದ್ದೆ.

"ನಂಗೆ ಗೊತ್ತಿತ್ತು ಅಂತ ಬರ್ಕೊಳ್ಳಿ," ಎಂದೆ.